ಕ್ಯಾಲೆಂಡರಿನ ಹಿಂದಿನ ನಲವತ್ತೆಂಟು ಅಂಕಿ

ಭೀಮಾ ನದಿಯ ದಂಡೆಯಿಂದ ಹಿಡಿದು ಮಹಾರಾಷ್ಟ್ರದ ಗಡಿಗೆ ಹತ್ತಿದ ಖಜೂರಿಯವರೆಗೆ, ಲ್ಯಾಪ್‌ಟಾಪ್ ರಿಪೇರಿಯಲ್ಲಿ ನನ್ನನ್ನು ಮೀರಿಸುವ ಗಂಡಸು ಇನ್ನೂ ಹುಟ್ಟಿಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿದೆ, ಬೇರೆಯವರಿಗೆ ಪುರುಸೊತ್ತಿಲ್ಲ. ಅಫಜಲಪುರದ ಬಸ್ ನಿಲ್ದಾಣದ ಎದುರು ನನ್ನ ಅಂಗಡಿ. ಕೆಟ್ಟ ಮಷೀನುಗಳು ನನ್ನ ಚಪ್ಪಲಿಯ ಸದ್ದು ಕೇಳಿದರೆ ಸಾಕು, ತಾವಾಗಿಯೇ ಆನ್ ಆಗುತ್ತವೆ.

ಅಂಥ ನಾನು, ಕಲ್ಲಿನಾಥ, ಕಾರ್ತಿಕದ ಒಂದು ಬುಧವಾರ ಮಧ್ಯಾಹ್ನ ಆಳಂದದ ಒಂದು ವರ್ಕ್‌ಶಾಪಿನಲ್ಲಿ, ಕಪ್ಪು ಪರದೆಯೊಂದರ ಮುಂದೆ ಕುಳಿತು ಹೆದರಿ ನೀರಾಗಿದ್ದೆ. ನನ್ನ ಮೊಣಕಾಲು ಒಂದಕ್ಕೊಂದು ಬಡಿಯುವ ಸದ್ದು ಕೇಳಿ ಪಕ್ಕದ ಮನೆಯವರು ಯಾರೋ ಖಾರ ಕುಟ್ಟುತ್ತಿದ್ದಾರೆ ಅಂದುಕೊಂಡರಂತೆ.

ಮೇಜಿನ ಆ ಕಡೆ ಜಯಮಾಲಾ ನಿಂತಿದ್ದಳು. ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು, ಮತ್ತೆ ಸುತ್ತುತ್ತಿದ್ದಳು. ಸತ್ತಂತೆ ಬಿದ್ದಿದ್ದ ಮಷೀನು ಅವಳದು. ಅದನ್ನು ಆ ಗತಿಗೆ ತಂದವನು ನಾನು.

ಅವಳನ್ನು ನಾನು ಮೊದಲು ನೋಡಿದ್ದು ಎಂಟು ತಿಂಗಳ ಹಿಂದೆ. ಆಳಂದದ ಬಸ್ಸಿನಿಂದ ಇಳಿದು, ಎದೆಗೆ ಕೂಸಿನಂತೆ ಏನನ್ನೋ ಅವುಚಿಕೊಂಡು, ನೇರ ನನ್ನ ಅಂಗಡಿಗೆ ಬಂದಳು. ಬಿಚ್ಚಿ ನೋಡಿದರೆ ಹದಿನೇಳು ಇಂಚಿನ ವರ್ಕ್‌ಸ್ಟೇಷನ್. ಅದನ್ನು ತೊಡೆಯ ಮೇಲಿಟ್ಟುಕೊಂಡರೆ ಎಲುಬು ಸಾಲುಸಾಲಾಗಿ ಮುರಿಯಬೇಕು. ಚಾರ್ಜರು ಒಂದನ್ನೇ ಸಿಮೆಂಟು ಹಚ್ಚಿ ಗೋಡೆಗೆ ಕೂರಿಸಬಹುದಿತ್ತು. ಕಂಡಕ್ಟರ್ ಅದಕ್ಕೂ ಒಂದು ಟಿಕೆಟ್ ಹರಿದಿರಬೇಕು.

ಅವಳ ತಂದೆ ಬೀರಲಿಂಗಪ್ಪ ದಾಲ್ ಮಿಲ್ಲಿನ ಯಂತ್ರಗಳನ್ನು ಮಾಡುವವರು. ಅವರು ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು ಕಬ್ಬಿಣ ಕತ್ತರಿಸುವ ಹಳೆಯ ಕೈ. ಮಗಳು ಮೆಕ್ಯಾನಿಕಲ್ ಓದಿ ಬಂದು, ಅದೇ ಯಂತ್ರಗಳನ್ನು ಈ ಪರದೆಯ ಮೇಲೆ ಬರೆಯುತ್ತಾಳೆ. ಬರೆದು ಸುಮ್ಮನಿರುವುದಿಲ್ಲ. ಆ ಯಂತ್ರದೊಳಕ್ಕೆ ತೊಗರಿ ಕಾಳು ಸುರಿದು, ಯಾವ ಕಾಳು ಎಲ್ಲಿ ಉರುಳುತ್ತದೆ, ಎಲ್ಲಿ ಒಡೆಯುತ್ತದೆ ಎಂದು ಮಷೀನಿನಿಂದ ಲೆಕ್ಕ ಹಾಕಿಸುತ್ತಾಳೆ. ಸಾದಾ ಲ್ಯಾಪ್‌ಟಾಪ್ ಆಗಿದ್ದರೆ ಅಷ್ಟು ಕಾಳು ಕಂಡೇ ಎದೆಯೊಡೆದು ಸಾಯುತ್ತಿತ್ತು. ಇದು ಸಾಯುತ್ತಿರಲಿಲ್ಲ, ಆದರೆ ಬಿಸಿಯಾಗಿ ನಡುವೆಯೇ ಆರಿಹೋಗುತ್ತಿತ್ತು.

"ಇಂಥಾ ಮಷೀನ್ ಬಿಚ್ಚೀರೇನ್ರಿ?" ಎಂದು ಕೇಳಿದಳು.

"ನಲವತ್ತು ಬಿಚ್ಚೇನ್ರಿ," ಎಂದೆ. ಅಂಥದೊಂದನ್ನು ಹತ್ತಿರದಿಂದ ನೋಡಿದ್ದೇ ಅವತ್ತು.

"ನಲವತ್ತರಾಗ ತಿರಗಿ ಎಷ್ಟು ಮುಚ್ಚೀರಿ?"

ತುಟಿಯ ಎಡತುದಿಯೊಂದೇ ಮೇಲೇರುವ ನಗು ಅವಳದು. ಬಲತುದಿ ಗಂಭೀರವಾಗಿಯೇ ಇರುತ್ತದೆ, ಯಾರೋ ಕಾವಲಿಗೆ ನಿಲ್ಲಿಸಿದ ಹಾಗೆ. ಆ ನಗು ಕಂಡದ್ದೇ ಸ್ಕ್ರೂಡ್ರೈವರ್ ನನ್ನ ಕೈಯಿಂದ ಜಾರಿ ಕಾಲ ಬೆರಳಿನ ಮೇಲೆ ಬಿತ್ತು. ಆ ಬೆರಳು ಇವತ್ತಿಗೂ ಬುಧವಾರ ಬುಧವಾರ ಮಿಡಿಯುತ್ತದೆ.

ಹಿಂಬದಿಯ ಮುಚ್ಚಳ ತೆಗೆದರೆ ಫ್ಯಾನಿನ ತುಂಬ ತೊಗರಿ ಹೊಟ್ಟಿನ ಧೂಳು. ಎರಡು ಎಮ್ಮೆ ಒಂದು ವಾರ ಮೇಯುವಷ್ಟಿತ್ತು. ಊದಿ, ತಿಕ್ಕಿ, ಪ್ರೊಸೆಸರಿನ ಮೇಲೆ ಒಣಗಿದ್ದ, ಬಿಸಿ ಹೀರುವ ಪೇಸ್ಟು ಕೆರೆದು ಹೊಸದನ್ನು ಹಚ್ಚಿಕೊಟ್ಟೆ. ಮಷೀನು ತಣ್ಣಗಾಯಿತು. ನಾನು ಆಗಲಿಲ್ಲ.

ಅಂದಿನಿಂದ ಪ್ರತಿ ಬುಧವಾರ ಆಳಂದದ ಬಸ್ಸು ಹತ್ತತೊಡಗಿದೆ. ಇಂಥ ಮಷೀನಿನ ಫ್ಯಾನನ್ನು ವಾರಕ್ಕೊಮ್ಮೆ ನೋಡದಿದ್ದರೆ ದೊಡ್ಡ ಅನಾಹುತ ಎಂದು ಅವಳಿಗೆ ಹೇಳಿದ್ದೆ. ವರ್ಷಕ್ಕೆರಡು ಸಲ ನೋಡಿದರೆ ಧಾರಾಳವಾಯಿತು. ಅವಳಿಗದು ಗೊತ್ತಿತ್ತೋ ಇಲ್ಲವೋ, ಬುಧವಾರ ಮಾತ್ರ ಚಹಾ ಎರಡು ಕಪ್ಪು ಬರುತ್ತಿತ್ತು.

ಇನ್ನು ಗೋಡೆಯ ವಿಷಯ. ಆ ವರ್ಕ್‌ಶಾಪಿನಲ್ಲಿ ಏನೇ ಇದ್ದರೂ ಗೋಡೆಯ ಮೇಲೆ ಬರೆಯುವುದು ರೂಢಿ. ಎಣ್ಣೆಗೈಯಲ್ಲಿ ಕಾಗದ ಹಿಡಿದರೆ ಕಾಗದ ಹಾಳು, ಫೋನು ಹಿಡಿದರೆ ಫೋನು ಹಾಳು. ಹಾಗಾಗಿ ಶಾಫ್ಟಿನ ಅಳತೆ, ಬೇರಿಂಗಿನ ನಂಬರು, ಮಿಲ್ಲಿನವರ ಫೋನು, ಎಲ್ಲ ಗೋಡೆಗೇ. ವರ್ಷಕ್ಕೊಮ್ಮೆ ದೀಪಾವಳಿಯ ಲಕ್ಷ್ಮಿಪೂಜೆಗೆ ಮೊದಲು ಸುಣ್ಣ ಹಚ್ಚಿ ಎಲ್ಲ ಅಳಿಸುತ್ತಾರೆ. ಅದಕ್ಕೂ ಮೊದಲು ಬೇಕಾದ್ದನ್ನು ಅವರವರು ಇಳಿಸಿಕೊಳ್ಳಬೇಕು.

ಈ ಸಲ ಸುಣ್ಣದ ಆಳು ಬರಲಿಲ್ಲ. ಜಯಮಾಲಾ ಸೋದರತ್ತೆಯ ಮನೆಗೆಂದು ಮಾದನಹಿಪ್ಪರಗಾಕ್ಕೆ ಹೋಗಿದ್ದಳು. ಬೀರಲಿಂಗಪ್ಪ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಭಾವೀ ಮಾವನವರನ್ನು, ಅಂದರೆ ನನ್ನ ಮನಸ್ಸಿನಲ್ಲಿ ಮಾತ್ರ ಮಾವನವರನ್ನು, ಒಲಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ದಿನ ಸಿಗುತ್ತದೆಯೇ? ಮೂರು ಆಳಿನ ಕೆಲಸ ಒಬ್ಬನೇ ಮಾಡುತ್ತೇನೆಂದು ಕುಂಚ ಹಿಡಿದೆ. ಆ ದಿನ ನಾನು ಹಚ್ಚಿದ ಸುಣ್ಣದಲ್ಲಿ ಇಡೀ ಆಳಂದ ತಾಲ್ಲೂಕು ಬೆಳ್ಳಗಾಗುತ್ತಿತ್ತು.

ಅವಳ ಮೇಜಿನ ಪಕ್ಕದ ಮೂಲೆಗೆ ಬಂದಾಗ ಕುಂಚ ನಿಂತಿತು. ಅಲ್ಲಿ ನೀಲಿ ಮಾರ್ಕರಿನಲ್ಲಿ ಒಂದರ ಕೆಳಗೊಂದು ಎಂಟು ಸಾಲು. ಸಾಲಿಗೆ ಆರು ಅಂಕಿ. ಅವಳ ಕೈಬರಹ. ಏಳನ್ನು ಅವಳು ಸೊಂಟಕ್ಕೆ ಡಾಬು ಕಟ್ಟಿದ ಹಾಗೆ ನಡುವೆ ಅಡ್ಡಗೆರೆ ಹಾಕಿ ಬರೆಯುತ್ತಾಳೆ. ನಾಲ್ಕು ಬರೆದರೆ ಯಾರಾದರೂ ಬಂದು ಕೂರಬಹುದಾದ ಕುರ್ಚಿಯಂತಿರುತ್ತದೆ.

ಆರಂಕಿ ಎಂದರೆ ಏನು? ಪಿನ್‌ಕೋಡು. ನನ್ನಂಥ ಚಾಣಾಕ್ಷನಿಗೆ ಎರಡು ಕ್ಷಣ ಸಾಕಾಯಿತು. ಮೊದಲ ಸಾಲು 413743. ನಾನೂರಾ ಹದಿಮೂರು ಅಂದರೆ ಸೊಲ್ಲಾಪುರದ ಕಡೆ. ನಾಲ್ಕನೆಯದು 585409, ಅಂದರೆ ನಮ್ಮದೇ ಜಿಲ್ಲೆಯ ಕಡೆ. ಫೋನಿನಲ್ಲಿ ಹುಡುಕಿದೆ. ಒಂದೂ ಊರು ಸಿಗಲಿಲ್ಲ, ಅಷ್ಟು ಒಳಗಿನ ಊರುಗಳಿರಬೇಕು. ಮದುವೆ ವಯಸ್ಸಿನ ಹುಡುಗಿ ಎಂಟು ಊರಿನ ಪಿನ್‌ಕೋಡು ಗುಟ್ಟಾಗಿ ಏಕೆ ಬರೆದಿಟ್ಟುಕೊಳ್ಳುತ್ತಾಳೆ? ಎಂಟು ವರಗಳು. ಎಂಟು ಮನೆಯಿಂದ ಕೇಳಿಕೊಂಡು ಬಂದಿದ್ದಾರೆ. ನನ್ನ ಎದೆಯಲ್ಲಿ ಎಂಟು ಕುದುರೆ ಏರಿದ ಎಂಟು ಮದುಮಕ್ಕಳು ಬ್ಯಾಂಡು ಬಾರಿಸಿಕೊಂಡು ಹೊರಟರು.

ಕೈಯಲ್ಲಿ ಕುಂಚವಿತ್ತು. ಒಂದೇ ಎಳೆತಕ್ಕೆ ಎಂಟೂ ಮಂದಿಯನ್ನು ಸುಣ್ಣದಲ್ಲಿ ಹೂಳಬಹುದಿತ್ತು. ಸುಣ್ಣದ ನೀರು ಮೊಣಕೈತನಕ ಇಳಿದು ಸುಡತೊಡಗಿತು. ಆದರೂ ಎಳೆಯಲಾಗಲಿಲ್ಲ. ಡಾಬು ಕಟ್ಟಿಕೊಂಡ ಆ ಏಳುಗಳನ್ನು ನಾನು ಹೇಗೆ ಅಳಿಸಲಿ?

ಸುತ್ತ ಹಚ್ಚಿ, ಅಷ್ಟು ಜಾಗ ಬಿಟ್ಟೆ. ಮೇಲೆ ಗೊಬ್ಬರದಂಗಡಿಯ ಕ್ಯಾಲೆಂಡರ್ ತೂಗುಹಾಕಿದೆ. ಬೀರಲಿಂಗಪ್ಪ ಬಂದು ಎಲ್ಲ ಆಯಿತೇ ಎಂದು ಕೇಳಿದಾಗ, ಒಂದು ಗೇಣೂ ಬಿಟ್ಟಿಲ್ಲವೆಂದು ಎದೆ ಉಬ್ಬಿಸಿ ಹೇಳಿದೆ. ಆಮೇಲೆ ಪ್ರತಿ ಬುಧವಾರ, ಅವಳು ಚಹಾ ತರಲು ಒಳಗೆ ಹೋದಾಗ, ಕ್ಯಾಲೆಂಡರ್ ಎತ್ತಿ ಆ ಎಂಟು ವೈರಿಗಳನ್ನು ಹಲ್ಲು ಕಡಿದು ನೋಡುತ್ತಿದ್ದೆ.

ಈಗ ಆ ಬುಧವಾರಕ್ಕೆ ಬರೋಣ.

ಜೇವರ್ಗಿ ಕಡೆಯ ರೈತರ ಸಂಘವೊಂದು ಸಣ್ಣ ದಾಲ್ ಮಿಲ್ ಮಾಡಿಸಬೇಕೆಂದಿತ್ತು. ಅವರು ನಾಲ್ಕು ಗಂಟೆಗೆ ಬರುವವರಿದ್ದರು. ಜಯಮಾಲಾ ಹನ್ನೊಂದು ತಿಂಗಳು ಕೂತು ಬರೆದ ಯಂತ್ರದಲ್ಲಿ ಬೇಳೆ ನುಚ್ಚಾಗದೆ ಇಳಿಯುವುದನ್ನು ಪರದೆಯ ಮೇಲೆ ತೋರಿಸಬೇಕಿತ್ತು. ಅವರು ಒಪ್ಪಿದರೆ ಬೀರಲಿಂಗಪ್ಪ ಮಗಳ ನಕ್ಷೆಯಂತೆಯೇ ಕಬ್ಬಿಣ ಕತ್ತರಿಸುತ್ತಾರೆ. ಒಪ್ಪದಿದ್ದರೆ ಹಳೆಯ ಸೀಮೆಸುಣ್ಣವೇ ಗತಿ, ಕಂಪ್ಯೂಟರ್ ಮಾರಿ ವೆಲ್ಡಿಂಗ್ ಸೆಟ್ ತರುವುದೆಂದು ತಂದೆ ಮಗಳ ನಡುವೆ ಮಾತಾಗಿತ್ತು.

ತೊಂದರೆ ಇಷ್ಟೇ. ಕಾಳು ಉರುಳುವ ಲೆಕ್ಕ ಅರವತ್ತು ಪರ್ಸೆಂಟಿಗೆ ಬಂದು ನಿಲ್ಲುತ್ತಿತ್ತು, ರ್‍ಯಾಮ್ ಸಾಲುತ್ತಿರಲಿಲ್ಲ. ಅವಳು ಎರಡು ಹೊಸ ರ್‍ಯಾಮ್ ಪಟ್ಟಿ ತರಿಸಿದ್ದಳು. ಹಾಕಿಕೊಡುವುದು ನನ್ನ ಎಡಗೈ ಕಿರುಬೆರಳಿನ ಕೆಲಸ ಎಂದಿದ್ದೆ.

"ಮೊದಲ ಬ್ಯಾಕಪ್ ತಗೊಳ್ರಿ," ಎಂದು ಒಂದು ಖಾಲಿ ಡಿಸ್ಕು ಕೈಗೆ ಕೊಟ್ಟಳು. "ಹನ್ನೊಂದು ತಿಂಗಳದ್ದು ಈ ಮಷೀನ್ ಒಂದರಾಗ ಅದರಿ. ಮತ್ತೆಲ್ಲೂ ಇಲ್ಲ."

ಜೋಡಿಸಿದೆ. ಮೂರು ತಾಸು ನಲವತ್ತು ನಿಮಿಷ ಎಂದು ತೋರಿಸಿತು. ಗಡಿಯಾರದಲ್ಲಿ ಹನ್ನೆರಡು. ಮೂರು ತಾಸು ಸುಮ್ಮನೆ ಕೂತರೆ ನನ್ನಂಥ ಮಾಂತ್ರಿಕನ ಮರ್ಯಾದೆ ಏನಾಗಬೇಕು? ಅವಳು ಆ ಕಡೆ ಹೋದಾಗ ನಿಲ್ಲಿಸಿಬಿಟ್ಟೆ. ತಿರುಗಿ ಬಂದು ಬ್ಯಾಕಪ್ ಆಯಿತೇ ಎಂದು ಕೇಳಿದಳು. ಆಯಿತೆಂದೆ.

ನಲವತ್ತು ಮಷೀನಿನ ಮಾತು ಬಡಾಯಿ. ಇದು ಸುಳ್ಳು. ಎರಡರ ನಡುವಿನ ಅಂತರ ಆ ಹೊತ್ತಿಗೆ ನನಗೆ ಕಾಣಲಿಲ್ಲ.

ಹೆಚ್ಚಿನ ರ್‍ಯಾಮಿಗೆ ಹೊಸ ಬಯೋಸ್ ಬೇಕೆಂದು ಕಂಪನಿಯ ಚೀಟಿಯಲ್ಲಿತ್ತು. ಬಯೋಸ್ ಎಂದರೆ ಮಷೀನು ಕಣ್ಣು ಬಿಡುವಾಗ ತನ್ನ ಮೈಯೆಲ್ಲ ಮುಟ್ಟಿ ನೋಡಿಕೊಳ್ಳುವ ಬುದ್ಧಿ. ಅದನ್ನು ಹೊಸದು ಮಾಡಿದೆ. ಆರಿಸಿ, ಮುಚ್ಚಳ ತೆಗೆದು, ಧೂಳು ಊದಿ, ಪಟ್ಟಿಗಳೆರಡನ್ನೂ ಟಕ್ ಟಕ್ ಎಂದು ಕೂರಿಸಿದೆ. ಹದಿನಾಲ್ಕು ಸ್ಕ್ರೂ ಬಿಗಿದು ಪವರ್ ಒತ್ತಿದೆ.

ಫ್ಯಾನು ತಿರುಗಿತು. ಪರದೆ ಕಪ್ಪು.

ಒಂದು ನಿಮಿಷ. ಕಪ್ಪು. ಗುಂಡಿ ಅದುಮಿ ಹಿಡಿದು ಆರಿಸಿದೆ, ಮತ್ತೆ ಒತ್ತಿದೆ. ಕಪ್ಪು. ಬಿಚ್ಚಿದೆ, ಪಟ್ಟಿ ತೆಗೆದು ಒರೆಸಿ ಕೂರಿಸಿದೆ, ಬಿಗಿದೆ. ಕಪ್ಪು. ಬಾಯಿಯೊಳಗಿನ ನೀರೆಲ್ಲ ಅಂಗೈಗೆ ಬಂತು. ಹೊರಗೆ ಬೀರಲಿಂಗಪ್ಪನವರ ಸುತ್ತಿಗೆ ಬೀಳುತ್ತಿತ್ತು. ಕಬ್ಬಿಣದ ಕೋನಪಟ್ಟಿಯನ್ನು ಅವರು ಬರೀ ದಿಟ್ಟಿಸಿ ನೋಡಿಯೇ ಬಗ್ಗಿಸುತ್ತಾರೆ. ನನ್ನ ಕತ್ತು ಕೋನಪಟ್ಟಿಗಿಂತ ಮೆತ್ತಗಿದೆ. ಆದರೆ ನಿಜ ಹೇಳಲೇ? ನನಗೆ ಆ ಸುತ್ತಿಗೆಯ ಭಯ ಅಷ್ಟಿರಲಿಲ್ಲ. ಮೇಜಿನ ಆ ಕಡೆ ದುಪಟ್ಟಾ ಸುತ್ತುತ್ತಿದ್ದ ಬೆರಳು ನಿಂತುಹೋಗಿತ್ತು. ಆ ಭಯ ದೊಡ್ಡದಿತ್ತು.

ನಾಲ್ಕನೆಯ ಸಲ ಗುಂಡಿಗೆ ಕೈ ಹಾಕಿದಾಗ ಅವಳು ಫೋನಿನಿಂದ ತಲೆ ಎತ್ತಿದಳು. ಅದರಲ್ಲಿ ಮಷೀನಿನ ಕಂಪನಿಯ ಪುಸ್ತಕ ತೆಗೆದು ಓದುತ್ತಿದ್ದಳು.

"ಎಷ್ಟು ಸಲ ಬಂದ್ ಮಾಡಿದ್ರಿ?"

ಮೂರು ಎಂದೆ.

"ಹೊಸ ರ್‍ಯಾಮ್ ಹಾಕಿದ ಮ್ಯಾಲ ಮೊದಲನೇ ಸಲ ಹತ್ತು ನಿಮಿಷ ಬೇಕಂತ ಬರದಾರ್ರಿ ಇಲ್ಲಿ. ಪರದೆ ಕಪ್ಪಗೇ ಇರ್ತದಂತ. ಅದು ಹೊಸಬರ ಪರಿಚಯ ಮಾಡ್ಕೊಳ್ಳಾಕತ್ತದ. ನೀವು ನಡುವ ನಡುವ ಅದರ ಕುತ್ತಿಗಿ ಹಿಚಕಾಕತ್ತೀರಿ."

ನಾನು ಬಾಯಿ ತೆರೆದೆ.

"ಮಾತಾಡಬ್ಯಾಡ್ರಿ. ಕೈ ಎರಡೂ ತೊಡಿ ಕೆಳಗ ಇಟ್ಟು ಕೂಡ್ರಿ."

ಕೂತೆ. ನನ್ನ ಕೈಗಳ ಮೇಲೆ ನಾನೇ ಕೂತೆ. ಅವಳು ಒಂದು ಸಲ ಗುಂಡಿ ಒತ್ತಿ, ಫೋನಿನಲ್ಲಿ ಹತ್ತು ನಿಮಿಷ ಇಟ್ಟು, ಮೇಜಿನ ಮೇಲೆ ನಮ್ಮಿಬ್ಬರ ನಡುವೆ ಇಟ್ಟಳು.

ಜಗತ್ತಿನಲ್ಲಿ ಅಷ್ಟು ಉದ್ದದ ಹತ್ತು ನಿಮಿಷ ಯಾರಿಗೂ ಬಂದಿರಲಿಕ್ಕಿಲ್ಲ. ಆ ಹೊತ್ತಿನಲ್ಲಿ ಒಂದು ಪೀಕು ಬಿತ್ತಿ ರಾಶಿ ಮಾಡಬಹುದಿತ್ತು. ಅವಳು ಪರದೆ ನೋಡುತ್ತಿದ್ದಳು, ನಾನು ಅವಳನ್ನು. ಹಣೆಯ ಅಂಚಿನಲ್ಲಿ ಒಂದೆಳೆ ಕೂದಲು ಬೆವರಿಗೆ ಅಂಟಿತ್ತು. ಫ್ಯಾನಿನ ಗಾಳಿಗೆ ಅದರ ತುದಿ ಮಾತ್ರ ಅಲುಗುತ್ತಿತ್ತು. ಅವಳು ಉಸಿರು ಹಿಡಿದಾಗ ನಾನೂ ಹಿಡಿಯುತ್ತಿದ್ದೆ, ಬಿಟ್ಟಾಗ ಬಿಡುತ್ತಿದ್ದೆ.

ಐದನೆಯ ನಿಮಿಷಕ್ಕೆ ಅವಳ ಕಣ್ಣು ನನ್ನ ಕಡೆ ಹೊರಳಿತು. ನನ್ನ ಮುಖ ಕಂಡು ಪಾಪ ಅನ್ನಿಸಿರಬೇಕು. ಎಡತುದಿ ತುಸು ಏರಿತು.

"ಅಷ್ಟ್ಯಾಕ ಹೆದರ್ತೀರಿ? ಏನಾದ್ರೂ ಆಗ್ಲಿ, ಬ್ಯಾಕಪ್ ಅಂತೂ ಅದ ಅಲ್ರಿ."

ಅವಳು ಸಿಟ್ಟಾಗಿದ್ದರೆ ನಾನು ಸುಳ್ಳಿನ ಮೇಲೆ ಇನ್ನೊಂದು ಸುಳ್ಳು ಹೇರುತ್ತಿದ್ದೆ. ಸಮಾಧಾನ ಹೇಳಿದಳು. ಅದನ್ನು ತಡೆಯಲಾಗಲಿಲ್ಲ.

"ಇಲ್ರಿ," ಎಂದೆ. "ಬ್ಯಾಕಪ್ ಇಲ್ಲ. ನಡುವ ನಿಲ್ಲಿಸಿದೆ. ಆಗೇದಂತ ಸುಳ್ಳ ಹೇಳಿದೆ."

ಏರಿದ ತುದಿ ನಿಧಾನಕ್ಕೆ ಇಳಿಯಿತು. ಅವಳು ಬೈಯಲಿಲ್ಲ. ಕುರ್ಚಿ ಎಳೆದು ಕೂತಳು.

"ನಲವತ್ತು ಮಷೀನ್ ಬಿಚ್ಚೇನಿ ಅಂದ್ರಿ, ನಕ್ಕೆ. ವಾರಕ್ಕೊಮ್ಮೆ ಫ್ಯಾನ್ ನೋಡಬೇಕಂದ್ರಿ, ಅದಕ್ಕೂ ಒಳಗೊಳಗ ನಕ್ಕೆ. ಇದಕ್ಕ ನಗು ಬರವಲ್ದು, ಕಲ್ಲಿನಾಥ ಅವರ."

ಅಂದರೆ ಫ್ಯಾನಿನ ವಿಷಯ ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಎರಡು ಕಪ್ಪು ಚಹಾ. ಆ ಸಂತೋಷ ನನಗೆ ಬರಬಾರದ ಹೊತ್ತಿನಲ್ಲಿ ಬಂತು, ಬಂದು ಅಲ್ಲೇ ಕಲ್ಲಾಯಿತು.

ಎಂಟನೆಯ ನಿಮಿಷಕ್ಕೆ ಪರದೆ ಬೆಳಗಿತು.

ಅವಳು ಎದ್ದಳು. ನಾನೂ ಎದ್ದೆ. ಅರೆಕ್ಷಣ ಇಬ್ಬರ ಕೈಗಳೂ ಗಾಳಿಯಲ್ಲಿ ಒಂದನ್ನೊಂದು ಹುಡುಕಿದವು. ಅಷ್ಟರಲ್ಲಿ ಪರದೆ ನೀಲಿಯಾಯಿತು. ಎಂಟು ಖಾಲಿ ಮನೆ, ಕೆಳಗೆ ಒಂದು ಸಾಲು: ಈ ಡಿಸ್ಕು ತೆರೆಯಲು ನಲವತ್ತೆಂಟು ಅಂಕಿಯ ರಿಕವರಿ ಕೀ ಕೊಡಿ.

ಮಷೀನಿನೊಳಗಿನ ಡಿಸ್ಕಿಗೆ ಬೀಗವಿತ್ತು. ಬಯೋಸ್ ಬದಲಾಗಿದ್ದು ಕಂಡು ಆ ಬೀಗ, ಯಾರೋ ಕಳ್ಳರು ಬಂದಿದ್ದಾರೆಂದು ತಿಳಿದುಕೊಂಡಿತ್ತು. ಬಯೋಸ್ ಮುಟ್ಟುವ ಮೊದಲು ಬೀಗವನ್ನು ಸ್ವಲ್ಪ ಹೊತ್ತು ಸುಮ್ಮನಿರಿಸಬೇಕು. ಒಂದೇ ಒಂದು ಕ್ಲಿಕ್ಕು. ಕಲಿಯುವ ಮೊದಲ ವಾರದ ಪಾಠ. ಬಡಾಯಿಯ ಗದ್ದಲದಲ್ಲಿ ಮರೆತಿದ್ದೆ. ಕೀ ಇಲ್ಲದಿದ್ದರೆ ಆ ಡಿಸ್ಕನ್ನು ನಾನಲ್ಲ, ಅದನ್ನು ಮಾಡಿದವರೂ ತೆರೆಯಲಾರರು.

ಅವಳು ಡ್ರಾವರ್ ಎಳೆದು ಒಂದು ಪೆನ್‌ಡ್ರೈವ್ ತೆಗೆದಳು. ಕೀ ಇದರಲ್ಲಿ ಉಳಿಸಿದ್ದೇನೆ ಎಂದಳು. ನನ್ನ ಸಣ್ಣ ಲ್ಯಾಪ್‌ಟಾಪಿಗೆ ಹಾಕಿದೆ. ತೆರೆದರೆ ಮುನ್ನೂರು ಹಾಡು.

ವರ್ಕ್‌ಶಾಪಿನ ಹಿರಿಯ ವೆಲ್ಡರ್ ಸರ್ದಾರ ಚಾಚಾ ಬಾಗಿಲಲ್ಲಿ ಇಣುಕಿ, ಹಾಡು ಚಲೋ ಅವ, ಹೋದ ವಾರ ತಾನೇ ತುಂಬಿಸಿದ್ದು ಎಂದರು. ಜಯಮಾಲಾ ಗೋಡೆ ಹಿಡಿದುಕೊಂಡು, ಇದರೊಳಗೆ ಮೊದಲಿದ್ದದ್ದು ಏನಾಯಿತೆಂದು ಕೇಳಿದಳು.

"ಏನೂ ಇರಲಿಲ್ಲ ಬೇಟಾ. ಒಂದು ಸಣ್ಣ ಚೀಟಿ ಇತ್ತು. ಸುಮ್ಮನ ಜಾಗಾ ತಿಂತದಂತ ಪೂರಾ ಸಾಫ್ ಮಾಡಿಸಿದೆ."

ಅವರ ಹಿಂದೆಯೇ ಬೀರಲಿಂಗಪ್ಪ ಬಂದರು. ಜೇವರ್ಗಿಯವರ ಜೀಪು ಕಲಬುರಗಿ ದಾಟಿದೆ, ಇನ್ನೊಂದು ತಾಸಿಗೆ ಬರುತ್ತಾರೆ, ಕುರ್ಚಿ ಹಾಕಬೇಕು ಎಂದು ಹೇಳಿ, ನನ್ನ ಕಡೆ ತಿರುಗಿ, "ತಮ್ಮಾ, ಎಲ್ಲಾ ತಯಾರ?" ಎಂದು ಕೇಳಿದರು. ನನ್ನ ಗಂಟಲಿನಿಂದ ಕೀಲು ಒಣಗಿದ ಬಾಗಿಲಿನ ಸದ್ದು ಬಂತು. ಹೌದೆಂದು ತಿಳಿದು ಚಾಚಾನನ್ನು ಕರೆದುಕೊಂಡು ಹೋದರು.

ಇಬ್ಬರೇ ಉಳಿದೆವು.

"ಇನ್ನೊಂದು ಕಡಿ ಬರದಿದ್ದೆ," ಎಂದಳು ಜಯಮಾಲಾ. ದನಿ ಬಹಳ ಸಣ್ಣದಾಗಿತ್ತು. ಕಣ್ಣು ಗೋಡೆಯ ಮೇಲಿತ್ತು. "ಇದ ಗ್ವಾಡಿ ಮ್ಯಾಲ, ನೀಲಿ ಮಾರ್ಕರ್‌ಲೆ. ಎಂಟು ಸಾಲು. ದೀಪಾವಳಿಗೆ ನಾ ಇಲ್ಲದಾಗ ನೀವು ಸುಣ್ಣಾ ಹಚ್ಚೀರಿ. ಅಪ್ಪ ಬಾಯಿತುಂಬ ಹೊಗಳಿದ್ರು. ಹುಡುಗ ಒಂದು ಗೇಣೂ ಬಿಟ್ಟಿಲ್ಲಂತ."

ಎಂಟು ಸಾಲು. ನನ್ನೊಳಗೆ ಕುದುರೆಯೇರಿದ್ದ ಎಂಟು ಮದುಮಕ್ಕಳು ಒಮ್ಮೆಲೇ ಕೆಳಗೆ ಬಿದ್ದರು. ಅವು ಊರಲ್ಲ, ವರಗಳಲ್ಲ, ಬೀಗದ ಕೈ. ಅದು ಕ್ಯಾಲೆಂಡರಿನ ಹಿಂದೆ, ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಉಸಿರಾಡುತ್ತಿದೆ.

ಕುಣಿಯಬೇಕಿತ್ತು. ಕಾಲು ಏಳಲಿಲ್ಲ. ಕ್ಯಾಲೆಂಡರ್ ಎತ್ತಿದರೆ ಅಂಕಿಯ ಜೊತೆ ನಾನೂ ಬಯಲಾಗುತ್ತೇನೆ. ಇಷ್ಟು ಜಾಗ ಏಕೆ ಬಿಟ್ಟೆ ಎಂದು ಕೇಳುತ್ತಾಳೆ. ಈಗ ತಾನೇ ಸುಳ್ಳುಗಾರ ಎಂದು ತಿಳಿದವನು, ಅವಳ ಕೈಬರಹವನ್ನು ಗುಟ್ಟಾಗಿ ಮುಚ್ಚಿಟ್ಟುಕೊಂಡು ವಾರ ವಾರ ಬಂದು ನೋಡುವವನೆಂದರೆ ಅಸಹ್ಯಪಡುತ್ತಾಳೆ. ಬುಧವಾರ ಮುಗಿಯುತ್ತದೆ. ಚಹಾ ಮುಗಿಯುತ್ತದೆ. ಬಯಲುಸೀಮೆಯ ಬಿಸಿಲಿಗೆ ಹೆದರದ ನಾನು, ಒಂದು ಗೊಬ್ಬರದಂಗಡಿಯ ಕ್ಯಾಲೆಂಡರಿಗೆ ಹೆದರಿ ನಿಂತೆ.

ಅವಳು ಮೇಜಿನ ಅಂಚಿಗೆ ಹಣೆ ಊರಿದಳು. ಆ ಒಂದೆಳೆ ಕೂದಲು ಕೆಳಗೆ ಜೋತುಬಿತ್ತು.

ಹೋಗಿ ಕ್ಯಾಲೆಂಡರ್ ಎತ್ತಿದೆ.

"ಬಿಟ್ಟೇನ್ರಿ," ಎಂದೆ. "ಒಂದು ಗೇಣು ಬಿಟ್ಟೇನಿ."

ಅವಳು ತಲೆ ಎತ್ತಿದಳು. ಬೆಳ್ಳನೆಯ ಗೋಡೆಯಲ್ಲಿ ಹಳೆಯ ಮಾಸಲು ಬಣ್ಣದ ಒಂದು ತುಂಡು, ಅದರಲ್ಲಿ ನೀಲಿಯ ಎಂಟು ಸಾಲು. ಗೋಡೆ ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಗೋಡೆ ನೋಡಿದಳು. ಏನೋ ಕೇಳಲು ಬಾಯಿ ತೆರೆದಳು. ಮೊದಲು ಟೈಪ್ ಮಾಡಲು ಹೇಳಿದೆ, ಜೀಪು ಬರುತ್ತಿದೆ ಎಂದೆ. ನನ್ನ ಮರಣದಂಡನೆ ನಾಲ್ಕು ನಿಮಿಷ ಮುಂದೆ ಹೋಗಲಿ ಎಂಬುದೇ ಆಸೆ.

ಅವಳು ಕೂತಳು. ನಾನು ಓದತೊಡಗಿದೆ. ನಾಲ್ಕು, ಒಂದು, ಮೂರು. ಏಳು, ನಾಲ್ಕು, ಮೂರು. ಕೀಲಿಗಳ ಸದ್ದು ಒಂದೊಂದಾಗಿ ಬಿತ್ತು. ಒಂದಂಕಿ ತಪ್ಪಿದರೂ ಮೊದಲಿನಿಂದ. ಎರಡನೆಯ ಸಾಲು, ಮೂರನೆಯ ಸಾಲು. ತಪ್ಪುತ್ತಾಳೇನೋ ಎಂಬ ಹೆದರಿಕೆಗೆ ಅವಳ ಬೆರಳುಗಳನ್ನೇ ನೋಡುತ್ತ ಹೇಳುತ್ತಿದ್ದೆ. ಐದನೆಯ ಸಾಲು, ಆರನೆಯದು.

ಏಳನೆಯ ಸಾಲಿನ ನಡುವೆ ಅವಳ ಬೆರಳು ನಿಂತಿತು.

"ಗ್ವಾಡಿ ನೋಡವಲ್ರಿ ನೀವು."

ಆಗ ನನಗೆ ತಿಳಿಯಿತು. ನಾನು ಗೋಡೆಗೆ ಬೆನ್ನು ಹಾಕಿ ನಿಂತಿದ್ದೆ. ಮೂರನೆಯ ಸಾಲಿನಿಂದ ಬಾಯಿಪಾಠ ಹೇಳುತ್ತಿದ್ದೆ.

"ಎರಡು ಸಾಲು ಉಳದಾವ್ರಿ," ಎಂದೆ. ಮುಖಕ್ಕೆ ಬೆಂಕಿ ಬಿದ್ದಿತ್ತು.

ಅವಳು ಪರದೆ ನೋಡಲಿಲ್ಲ. ನನ್ನ ಮುಖವನ್ನೇ ನೋಡುತ್ತ ಟೈಪ್ ಮಾಡಿದಳು. ಕೊನೆಯ ಸಾಲು: ಎರಡು, ಎಂಟು, ನಾಲ್ಕು. ಏಳು, ಮೂರು, ಐದು. ಎಂಟರ್ ಒತ್ತಿದಳು.

ನೀಲಿ ಹೋಯಿತು. ಅವಳ ಫೋಲ್ಡರುಗಳು ಒಂದೊಂದಾಗಿ ಪರದೆಯ ಮೇಲೆ ಬಂದು ಕೂತವು, ಹನ್ನೊಂದು ತಿಂಗಳೂ. ಅವಳು ಎರಡೂ ಅಂಗೈಯನ್ನು ಮುಖಕ್ಕೆ ಒತ್ತಿಕೊಂಡು ಒಂದು ಉದ್ದನೆಯ ಉಸಿರು ಬಿಟ್ಟಳು. ಆಮೇಲೆ ಬೆರಳ ಸಂದಿಯಿಂದಲೇ ಕೇಳಿದಳು.

"ಕೀ ಅಂತ ಗೊತ್ತಿತ್ತೇನು?"

"ಇಲ್ರಿ."

"ಮತ್ತ ಏನಂತ ತಿಳದು ಉಳಿಸಿದ್ರಿ?"

ಇಲ್ಲಿ ಇನ್ನೊಂದು ಸುಳ್ಳು ಹೇಳಬಹುದಿತ್ತು. ನನ್ನ ಹತ್ತಿರ ಸಾವಿರ ತಯಾರಿದ್ದವು. "ಪಿನ್‌ಕೋಡ್ ಅಂತ," ಎಂದೆ. "ಎಂಟು ಊರಿಂದ ನಿಮಗ ವರಾ ಬಂದಾವ ಅಂತ."

ಬೆರಳುಗಳು ಮುಖದಿಂದ ಇಳಿದವು.

"ಹಂಗ ತಿಳದ ಮ್ಯಾಲ ಸುಣ್ಣಾ ಬಡೀಬೇಕಿಲ್ರಿ? ಎಂಟೂ ಮಂದಿ ಹೋಗ್ತಿದ್ರಲ್ಲ."

"ಕುಂಚ ಎತ್ತಿದ್ದೆ. ನಿಮ್ಮ ಏಳು ನೋಡಿ ಆಗಲಿಲ್ರಿ." ಇಷ್ಟಕ್ಕೆ ನಿಲ್ಲಿಸಬೇಕಿತ್ತು. ಹೆದರಿಕೆ ಜಾಸ್ತಿಯಾದರೆ ನನ್ನ ಬಾಯಿ ನಿಲ್ಲುವುದಿಲ್ಲ. "ಯಾರ ಮನೀಗೆ ಹೋದ್ರೂ ಹೋಗ್ರಿ, ನೀವು ಬರದದ್ದು ನನ್ನ ಕೈಲೆ ಅಳೀಬಾರದು ಅನಿಸ್ತು. ನಾ ಇಲ್ಲಿಗೆ ಫ್ಯಾನ್ ನೋಡಾಕ ಬರಂಗಿಲ್ರಿ. ನಿಮ್ಮನ್ನ ನೋಡಾಕ ಬರ್ತೇನಿ."

ಅವಳು ಕುರ್ಚಿ ಹಿಂದೆ ಸರಿಸಿ ಎದ್ದಳು. ಬ್ಯಾಕಪ್ಪಿನ ಡಿಸ್ಕು ತೆಗೆದು ನನ್ನ ಅಂಗೈಯಲ್ಲಿಟ್ಟಳು.

"ಸುಳ್ಳ ಹೇಳಿದ್ದು ನಾ ಮರಿಯಂಗಿಲ್ಲ," ಎಂದಳು. "ಅವರು ಹೋದ ಮ್ಯಾಲ ಬ್ಯಾಕಪ್ ಹಚ್ಚಿ, ಮುಗಿಯೂ ತನಕ ಇಲ್ಲೇ ಕೂಡಬೇಕು. ಕಡೀ ಬಸ್ ತಪ್ಪಿದ್ರೂ."

ಇಷ್ಟು ಸಿಹಿಯಾದ ಶಿಕ್ಷೆಯನ್ನು ಯಾವ ಕೋರ್ಟೂ ಕೊಟ್ಟಿರಲಿಕ್ಕಿಲ್ಲ.

ಜೇವರ್ಗಿಯವರು ಬಂದಾಗ ನಾಲ್ಕೂಕಾಲು. ಏಳು ಮಂದಿ ರೈತರು ಪರದೆಯ ಸುತ್ತ ಬಗ್ಗಿ ನಿಂತರು. ಬೀರಲಿಂಗಪ್ಪ ಹಿಂದೆ, ಕೈ ಕಟ್ಟಿಕೊಂಡು. ಜಯಮಾಲಾ ಲೆಕ್ಕಕ್ಕೆ ಹಚ್ಚಿದಳು. ಹಳದಿ ಕಾಳುಗಳು ಸುರಿಯತೊಡಗಿದವು. ನಾನು ಮೂಲೆಯಲ್ಲಿ ನಿಂತು ಫ್ಯಾನಿನ ಸದ್ದಿಗೆ ಕಿವಿಗೊಟ್ಟಿದ್ದೆ, ರೋಗಿಯ ಎದೆಗೆ ಕಿವಿಯಿಟ್ಟ ಹಾಗೆ. ನಲವತ್ತು. ಐವತ್ತೈದು. ಐವತ್ತೊಂಬತ್ತು. ಅರವತ್ತಕ್ಕೆ ಬಂದು ಅಂಕಿ ತಡೆಯಿತು. ನನ್ನ ಉಸಿರೂ ತಡೆಯಿತು. ತಿರುಗಿ ಅವಳು ನನ್ನ ಕಡೆ ನೋಡಿದಳು.

ಅರವತ್ತೊಂದು.

ಬೇಳೆ ಇಳಿಯಿತು. ಇಡೀ ಇಡೀ ಬೇಳೆ, ನುಚ್ಚು ಬೆರಳೆಣಿಕೆಯಷ್ಟು. ಮುಂದೆ ನಿಂತಿದ್ದ ಒಬ್ಬ ಮುದುಕರು ತಮಗೆ ತಿಳಿಯದೆಯೇ ಪರದೆಯ ಕೆಳಗೆ ಬೊಗಸೆ ಒಡ್ಡಿದರು. ಯಾರೂ ನಗಲಿಲ್ಲ. ಬೀರಲಿಂಗಪ್ಪ ಮಗಳ ಹತ್ತಿರ ಹೋಗಿ, ಜರಡಿಯ ಅಳತೆ ಎಷ್ಟು ಎಂದು ಕೇಳಿದರು. ಅವಳು ಪರದೆ ನೋಡಿ ಹೇಳಿದಳು. ಅವರು ಸೀಮೆಸುಣ್ಣ ಬಿಟ್ಟು ಇದ್ದಿಲು ತೆಗೆದುಕೊಂಡರು. ನಾನು ಹಚ್ಚಿದ ಹೊಸ ಸುಣ್ಣದ ಮೇಲೆ ಅದನ್ನು ದೊಡ್ಡದಾಗಿ ಬರೆದುಕೊಂಡರು.

ಅವರೆಲ್ಲ ಚಹಾಕ್ಕೆಂದು ಹೊರಗೆ ಹೋದ ಮೇಲೆ ಬ್ಯಾಕಪ್ ಹಚ್ಚಿದೆ. ಮೂರು ತಾಸು ನಲವತ್ತು ನಿಮಿಷ ಎಂದಿತು. ನಿಲ್ಲಿಸಲಿಲ್ಲ. ಕೈಗಳ ಮೇಲೆ ಕೂತೆ.

ಜಯಮಾಲಾ ನೀಲಿ ಮಾರ್ಕರಿನ ಮುಚ್ಚಳ ತೆಗೆದು ಗೋಡೆಯ ಹತ್ತಿರ ಹೋದಳು. ಕ್ಯಾಲೆಂಡರ್ ಎತ್ತಿ, ಎಂಟು ಸಾಲಿನ ಕೆಳಗೆ, ನನ್ನ ಸುಣ್ಣದ ಅಂಚಿನ ಮೇಲೆಯೇ, ಒಂಬತ್ತನೆಯ ಸಾಲು ಬರೆದಳು. ಆರೇ ಅಂಕಿ. ಬರೆದು ಪಕ್ಕಕ್ಕೆ ಸರಿದಳು.

"ಇದು ಪಿನ್‌ಕೋಡ್ ಹೌದು," ಎಂದಳು. "ಯಾವ ಊರು ನೋಡ್ರಿ."

585301. ಹುಡುಕಬೇಕಿರಲಿಲ್ಲ. ನನ್ನ ಅಂಗಡಿಯ ಬೋರ್ಡಿನ ಮೇಲೆ ನಾನೇ ಕೆಂಪಕ್ಷರದಲ್ಲಿ ಬರೆಸಿದ್ದೇನೆ. ಅಫಜಲಪುರ.

ಒಂದು ಜನ್ಮಕ್ಕಾಗುವಷ್ಟು ಮಾತಾಡಿದ ಬಾಯಿ ಅವತ್ತು ತೆರೆದದ್ದು ತೆರೆದ ಹಾಗೇ ಉಳಿಯಿತು. ಮೊಣಕಾಲು ಮತ್ತೆ ಬಡಿಯತೊಡಗಿತು. ಪಕ್ಕದ ಮನೆಯವರು ಏನಂದುಕೊಂಡರೋ ಕೇಳಲಿಲ್ಲ.

"ಬಾಯಿಪಾಠ ಆತೇನ್ರಿ?"

ಆಯಿತು ಎಂದು ತಲೆಯಾಡಿಸಿದೆ. ಅವಳು ಡಿಸ್ಕಿನ ಮೇಲೆ ಮಿನುಗುತ್ತಿದ್ದ ಸಣ್ಣ ದೀಪದ ಕಡೆ ಕಣ್ಣು ಹಾಯಿಸಿ ಹುಬ್ಬೇರಿಸಿದಳು. ತಿಳಿಯಿತು. ಇದಕ್ಕೂ ಬ್ಯಾಕಪ್ ಬೇಕು. ಫೋನು ತೆಗೆದು ಒಂಬತ್ತನೆಯ ಸಾಲಿನ ಫೋಟೋ ಹೊಡೆದೆ. ಮೂರು ಸಲ ಹೊಡೆದೆ. ಕೈ ನಡುಗಿ ಮೂರೂ ಮಸುಕಾದವು.

ನಾಲ್ಕನೆಯದನ್ನು ಅವಳೇ, ಫೋನಿನ ಜೊತೆ ನನ್ನ ಕೈಯನ್ನೂ ಸೇರಿಸಿ ಹಿಡಿದು, ತೆಗೆದಳು.